ಭಾನುವಾರ ಜಾಕೋಬಿನ್ ಮಠಕ್ಕೆ ಹೋಗೋಣ

ಎಲ್ಲರಿಗೂ ನಮಸ್ಕಾರ. ಟುಲೂಸ್ ಕನ್ನಡಿಗರ ಗಮನಕ್ಕೆ: ಈ ಭಾನುವಾರ ಬೆಳಿಗ್ಗೆ 10:30ಕ್ಕೆ ಕ್ಯಾಪಿಟೋಲ್ ಮೆಟ್ರೊ ನಿಲ್ದಾಣದ ಹೊರಗೆ ಸೇರೋಣ. ಅಲ್ಲಿಂದ ಮಠಕ್ಕೆ ನಡೆದೇ ಹೋಗಬಹುದು.

ಇಷ್ಟು ಹತ್ತಿರ ಇದ್ದೂ ನಮ್ಮಲ್ಲಿ ಎಷ್ಟೋ ಜನ ಒಳಗೆ ಕಾಲಿಟ್ಟಿಲ್ಲ, ನನಗೆ ಅದೇ ಬೇಜಾರು. 13ನೇ ಶತಮಾನದಲ್ಲಿ ಡೊಮಿನಿಕನ್ ಪಂಥದ ಕ್ರೈಸ್ತ ಸನ್ಯಾಸಿಗಳು ಇಟ್ಟಿಗೆಯಲ್ಲಿ ಕಟ್ಟಲು ಶುರುಮಾಡಿದ ಮಠ ಇದು. ಮಠದ ಚರ್ಚಿನ ತುದಿಯಲ್ಲಿ ಒಂದೇ ಕಂಬದಿಂದ 22 ಕಮಾನು ಪಟ್ಟಿಗಳು ತಾಳೆಗರಿಯ ಹಾಗೆ ಹರಡಿಕೊಂಡಿವೆ, ಕತ್ತೆತ್ತಿ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ. ಮಧ್ಯಯುಗದ ಕ್ರೈಸ್ತ ತತ್ವಜ್ಞಾನಿ ಸಂತ ಥಾಮಸ್ ಅಕ್ವಿನಾಸ್ ಅವರ ಅವಶೇಷ ಇರುವುದೂ ಇಲ್ಲೇ. ಫ್ರೆಂಚ್ ಕ್ರಾಂತಿಯ ನಂತರ ಸೇನೆ ಇದನ್ನು ವಶಕ್ಕೆ ತೆಗೆದುಕೊಂಡು ಚರ್ಚಿನೊಳಗೆ ಕುದುರೆ ಕಟ್ಟಿತ್ತು. ಮತ್ತೆ ಈ ರೂಪಕ್ಕೆ ತರಲು ದಶಕಗಳೇ ಹಿಡಿದವು.

ಚರ್ಚಿಗೆ ಟಿಕೆಟ್ ಇಲ್ಲ. ಒಳಅಂಗಳಕ್ಕೆ ಮಾತ್ರ ಇದೆ, ಅಲ್ಲೇ ತೆಗೆದುಕೊಳ್ಳೋಣ. ಒಳಗೆ ಜೋರಾಗಿ ಮಾತು ಬೇಡ, ಫೋನ್ ಸೈಲೆಂಟ್ ಇರಲಿ, ಗೋಡೆಯ ಮೇಲಿನ ಹಳೇ ಬಣ್ಣ ಮುಟ್ಟದಂತೆ ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಬರುವವರು ಎಷ್ಟು ಜನ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಅಪ್ಪ ಅಮ್ಮ ಊರಿಂದ ಬಂದಿದ್ದರೆ ಅವರನ್ನೂ ಖಂಡಿತ ಕರೆದುಕೊಂಡು ಬನ್ನಿ, ನಿಧಾನವಾಗಿಯೇ ನಡೆಯೋಣ.