ಸಾಹಿತ್ಯ ಕೇಳುವಷ್ಟಾದರೂ ಡ್ರಮ್ಸ್ ತಗ್ಗಿಸಿ

ಮಾನ್ಯರೇ,

ತ್ಯಾಗರಾಜರ ಕೃತಿಗೆ ಗಿಟಾರು, ಡ್ರಮ್ಸ್ ಸೇರಿಸುವುದು ಅಪಚಾರವೆಂದು ನನ್ನ ಸಂಗೀತದ ಗೆಳತಿಯರು ಸಿಡಿಮಿಡಿಗೊಳ್ಳುತ್ತಾರೆ. 32 ವರ್ಷದಿಂದ ವೀಣೆ ಪಾಠ ಹೇಳುತ್ತಿರುವ ನನಗೂ ಹಾಗೇ ಅನ್ನಿಸುತ್ತಿತ್ತು. ಹೋದ ವರ್ಷ ಮೊಮ್ಮಗ ಬೆಂಗಳೂರಿನ ‘ಅಗಂ’ ರಾಕ್ ತಂಡದ 2017ರ ಆಲ್ಬಮ್ಮಿನಿಂದ ಒಂದು ಹಾಡು ಕೇಳಿಸಿದ. ಹೆಸರು ‘ಮಿಸ್ಟ್ ಆಫ್ ಕ್ಯಾಪ್ರಿಕಾರ್ನ್’ ಅಂತೆ! ಕೇಳಿದರೆ ನಮ್ಮ ತ್ಯಾಗರಾಜರ ‘ಮನವ್ಯಾಲಕಿಂಚರ’. ಗಾಂಧಾರ ಮುಟ್ಟಿ, ರಿಷಭಕ್ಕೆ ಹಿಂತಿರುಗಿ, ಆಮೇಲೆ ಮಧ್ಯಮ ಹಿಡಿಯುವ ನಳಿನಕಾಂತಿ ರಾಗದ ವಕ್ರ ನಡೆ ತಂಡದ ಗಾಯಕ ಹರೀಶ್ ಶಿವರಾಮಕೃಷ್ಣನ್ ಗಂಟಲಲ್ಲಿ ಅಷ್ಟು ಗಿಟಾರಿನ ನಡುವೆಯೂ ನನಗೆ ಸಿಕ್ಕಿತು.

ಆಮೇಲೆ ಮೊಮ್ಮಗ ತನ್ನ ಗಿಟಾರು ತಂದು, ಫ್ರೆಟ್ಟಿನ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು, “ಇದು ಬೆಂಡ್, ಅಜ್ಜಿ” ಎಂದ. ವೀಣೆಯ ಮೆಟ್ಟಿನ ಮೇಲೆ ದಿನಾ ಬೆರಳು ಸವೆಸಿಕೊಂಡು ಗಮಕಕ್ಕಾಗಿ, ಅಂದರೆ ಸ್ವರವನ್ನು ತೂಗಿ ಬಳುಕಿಸಲು, ನಾನು ಮಾಡುವುದೂ ಅದನ್ನೇ.

ಮೈಸೂರಿನವರಿಗಂತೂ ಇದೆಲ್ಲ ಹೊಸದಾಗಬಾರದು. 94 ಕೃತಿ ರಚಿಸಿದ ಜಯಚಾಮರಾಜ ಒಡೆಯರೇ ರಷ್ಯದ ಸಂಗೀತ ರಚನಕಾರ ಮೆಟ್ನರ್ ಅವರ ಸಂಗೀತವನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟವರು. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ಇಲ್ಲಿನ ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ.

ನನ್ನ ತಕರಾರು ಬೇರೆ. ಕಳೆದ ತಿಂಗಳು ಊರಿನ ಕಾಲೇಜೊಂದರ ಮೈದಾನದಲ್ಲಿ ವಿದ್ಯಾರ್ಥಿಗಳ ತಂಡ ಇದೇ ಕೃತಿ ಎತ್ತಿಕೊಂಡಿತು. ಹಾಡುತ್ತಿದ್ದ ಹುಡುಗಿ ದೇಶಾದಿ ತಾಳದ ಒಂದೂವರೆ ಎಣಿಕೆ ಬಿಟ್ಟು ಸರಿಯಾಗಿ ಎಡುಪು (ಹಾಡು ಶುರುವಾಗುವ ಜಾಗ) ಹಿಡಿದಳು. ಅದು ನನಗೆ ಗೊತ್ತಾದದ್ದು ಅವಳ ತುಟಿ ನೋಡಿ! ಡ್ರಮ್ಸಿನ ಏಟಿಗೆ ಪ್ಲಾಸ್ಟಿಕ್ ಕುರ್ಚಿ ನಡುಗುತ್ತಿತ್ತು, ಚರಣದ ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಎದ್ದುಹೋಗಿ ಮಿಕ್ಸರ್ ಮುಂದೆ ಕೂತಿದ್ದ ಸೌಂಡಿನವರಿಗೆ ಹೇಳಿದೆ. “ರಾಕ್ ಅಂದ್ರೆ ಹಿಂಗೇ ಮೇಡಂ” ಎಂದರು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಿದ ಗಮಕ ಇಷ್ಟು ದೊಡ್ಡ ಸ್ಪೀಕರಿನಲ್ಲಿ ಕೇಳದಿದ್ದರೆ ರಾಕನ್ನು ದೂರಿ ಏನು ಬಂತು? ಆ ಮಗು ತಿಂಗಳುಗಟ್ಟಲೆ ಅಭ್ಯಾಸ ಮಾಡಿರಬೇಕು.

ಫೆಸ್ಟ್ ನಡೆಸುವವರಲ್ಲಿ ಒಂದು ಕೋರಿಕೆ. ಸೌಂಡ್ ಚೆಕ್ ವೇಳೆ ಕೃತಿ ಬಲ್ಲವರೊಬ್ಬರನ್ನು ಮಿಕ್ಸರ್ ಪಕ್ಕ ಕೂರಿಸಿ, ಸಾಹಿತ್ಯ ಕೇಳಿಸುತ್ತಿದೆಯೇ ಎಂದು ಕೇಳಿ. ಯಾರೂ ಸಿಗದಿದ್ದರೆ ನಾನೇ ಬರುತ್ತೇನೆ. ಸಂಜೆ ಏಳರವರೆಗೆ ಪಾಠವಿರುತ್ತದೆ, ಆಮೇಲೆ ಬಿಡುವು.

– ವೀಣೆ ಶಿಕ್ಷಕಿ, ಕುವೆಂಪುನಗರ, ಮೈಸೂರು