ಕೊರೊನಾ ಮೂಲ ಸಾಬೀತಾಗಿದೆ ಅಂತ ಬರೀಬೇಡಿ

ಸಂಪಾದಕರಿಗೆ ನಮಸ್ಕಾರ,

ಕೊರೊನಾ ವೈರಸ್ ಚೀನಾದ ವುಹಾನ್ ಲ್ಯಾಬ್‌ನಿಂದಲೇ ಬಂದಿದ್ದು, ಸಾಬೀತೂ ಆಗಿಹೋಯ್ತು ಅನ್ನೋ ಧಾಟಿಯ ಸುದ್ದಿಗಳು ಪೇಪರ್‌ನಲ್ಲೂ ಟಿವಿಯಲ್ಲೂ ಪದೇ ಪದೇ ಬರ್ತಾನೇ ಇವೆ. 2025ರ ಜನವರಿಯಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ, ವೈರಸ್ ಲ್ಯಾಬ್‌ನಿಂದ ಬಂದಿರೋ ಸಾಧ್ಯತೆನೇ ಜಾಸ್ತಿ ಅಂದಿದ್ದು ನಿಜ, ಆದ್ರೆ ಈ ತೀರ್ಮಾನದ ಮೇಲೆ ನಮಗಿರೋ ಭರವಸೆ ಕಡಿಮೆ ಅಂತ ಜೊತೆಗೇ ಹೇಳಿತ್ತು, ನಾನು ನೋಡಿದ ಹೆಡ್ಡಿಂಗ್‌ಗಳಲ್ಲಿ ಆ ಮಾತೇ ಇರಲಿಲ್ಲ. ನಾನು ಪಿಯು ಕಾಲೇಜಲ್ಲಿ ಬಯಾಲಜಿ ಪಾಠ ಮಾಡೋನು. ಹುಡುಗರು ಫೋನ್ ಹಿಡ್ಕೊಂಡು ಬಂದು "ಸರ್, ಪ್ರೂವ್ ಆಯ್ತಂತಲ್ಲ" ಅಂತಾರೆ, ಅದಕ್ಕೇ ಈ ಪತ್ರ.

ಗೂಢಚಾರರ ಅಂದಾಜು ಬೇರೆ, ವಿಜ್ಞಾನಿಗಳ ಸಾಕ್ಷಿ ಬೇರೆ. ಅಂದಾಜಿನ ಹಿಂದೆ ಏನಿದೆ ಅಂತ ಹೊರಗಿನವರು ಪರೀಕ್ಷೆ ಮಾಡೋಕಾಗಲ್ಲ, ಸಾಕ್ಷಿನ ಮಾಡಬಹುದು. ವೈರಸ್ ಪ್ರಾಣಿಯಿಂದ ಮನುಷ್ಯರಿಗೆ ಬಂತು ಅನ್ನೋ ಇನ್ನೊಂದು ವಾದ ಇದೆಯಲ್ಲ, ಅದಕ್ಕೆ ವುಹಾನ್‌ನ ಹುವಾನಾನ್ ಮಾರ್ಕೆಟ್ ವಿಷಯನೇ ತಗೊಳ್ಳಿ. 2020ರ ಜನವರಿ 1ಕ್ಕೆ ಅದನ್ನ ಮುಚ್ಚಿಸಿದ್ರು, ಆಮೇಲೆ ಚೀನಾದವರೇ ಅಂಗಡಿಗಳ ನೆಲ, ಗಾಡಿ, ಚರಂಡಿಯಿಂದೆಲ್ಲ ಸ್ಯಾಂಪಲ್ ತೆಗೆದ್ರು, ಜೀವಂತ ಪ್ರಾಣಿ ಮಾರ್ತಿದ್ದ ಪಶ್ಚಿಮ ಭಾಗದ ಒಂದು ಅಂಗಡಿಯಲ್ಲಿ ವೈರಸ್ಸೂ ಸಿಕ್ತು, ಅದೇ ಜಾಗದಲ್ಲಿ ರಕೂನ್ ಡಾಗ್ ಅನ್ನೋ ನರಿಯಂಥ ಪ್ರಾಣಿಯ ಡಿಎನ್‌ಎನೂ ಸಿಕ್ತು. ಶುರುವಿನ ರೋಗಿಗಳಲ್ಲಿ ಮಾರ್ಕೆಟ್‌ಗೆ ಕಾಲೇ ಇಡದವರ ಮನೆಗಳು ಕೂಡ ಅದರ ಸುತ್ತಮುತ್ತನೇ ಇದ್ವು ಅಂತ ವಿಜ್ಞಾನಿ ಮೈಕಲ್ ವೊರೊಬಿ ಮತ್ತೆ ಅವರ ಜೊತೆಗಾರರು 2022ರಲ್ಲಿ ಮ್ಯಾಪ್ ಹಾಕಿ ತೋರಿಸಿದ್ರು. ಇದೇ ವೊರೊಬಿ ಅದರ ಹಿಂದಿನ ವರ್ಷ ಲ್ಯಾಬ್ ಸಾಧ್ಯತೆನೂ ಸರಿಯಾಗಿ ತನಿಖೆ ಆಗ್ಲಿ ಅಂತ ಸಹಿ ಹಾಕಿದ್ದ 18 ವಿಜ್ಞಾನಿಗಳಲ್ಲಿ ಒಬ್ಬರು.

ಹಾಗಂತ ಇದೂ ಪೂರ್ತಿ ಪುರಾವೆ ಅಲ್ಲ. ಪ್ರಾಣಿಯ ಡಿಎನ್‌ಎ ಸಿಕ್ಕ ಮಾತ್ರಕ್ಕೆ ಆ ಪ್ರಾಣಿಗೆ ಸೋಂಕು ಇತ್ತು ಅಂತಾಗಲ್ಲ. ಮಾರ್ಕೆಟ್‌ನಲ್ಲಿ ತೆಗೆದ 457 ಪ್ರಾಣಿ ಸ್ಯಾಂಪಲ್ ಎಲ್ಲಾ ನೆಗೆಟಿವ್ ಬಂದ್ವು, ಆದ್ರೆ ಅದರಲ್ಲಿ ರಕೂನ್ ಡಾಗ್ ಇರಲೇ ಇಲ್ಲ, ಮುಖ್ಯವಾಗಿ ಬೇಕಿದ್ದ ಪ್ರಾಣಿಗಳು ಅಷ್ಟೊತ್ತಿಗೆ ಅಲ್ಲಿಂದ ಖಾಲಿಯಾಗಿದ್ವು. 2003ರ ಸಾರ್ಸ್‌ನಲ್ಲಿ (ಅದೂ ಒಂದು ಕೊರೊನಾ ವೈರಸ್ ಕಾಯಿಲೆನೇ) ಚೀನಾದ ಗ್ವಾಂಗ್‌ಡಾಂಗ್ ಮಾರ್ಕೆಟ್‌ನ ಪುನುಗುಬೆಕ್ಕುಗಳಲ್ಲೇ ವೈರಸ್ ಸಿಕ್ಕಿತ್ತು, ಈ ಸಲ ಅಂಥದ್ದೊಂದು ಸಿಕ್ಕಿಲ್ಲ.

ಲ್ಯಾಬ್ ಬಗ್ಗೆ ಪ್ರಶ್ನೆ ಕೇಳೋರನ್ನೆಲ್ಲ ಹುಚ್ಚರು ಅನ್ನೋದೂ ತಪ್ಪು. ಚೀನಾದ ಯುನ್ನಾನ್‌ನ ಮೊಜಿಯಾಂಗ್ ಗಣಿಯಲ್ಲಿ 2012ರಲ್ಲಿ ಬಾವಲಿ ಹಿಕ್ಕೆ ಕೆರೆದು ತೆಗೀತಿದ್ದ ಆರು ಜನ ಕಾಯಿಲೆ ಬಿದ್ದು ಮೂವರು ಸತ್ತಿದ್ರು, ಅಲ್ಲಿನ ಬಾವಲಿಗಳಿಂದ ತಂದ ಸ್ಯಾಂಪಲ್‌ನಲ್ಲಿ ವುಹಾನ್ ಲ್ಯಾಬ್‌ಗೆ ವೈರಸ್ಸೊಂದು ಸಿಕ್ಕಿತ್ತು. ಈ ಗಣಿಯ ಕಥೆ ಬೆನ್ನು ಹತ್ತಿ 2020ರಲ್ಲೇ ಪ್ರಬಂಧ ಬರೆದವರಲ್ಲಿ ನಮ್ಮ ಪುಣೆಯ ವಿಜ್ಞಾನಿ ದಂಪತಿ ಮೊನಾಲಿ ರಾಹಲ್ಕರ್, ರಾಹುಲ್ ಬಹುಲಿಕರ್ ಇದ್ದಾರೆ, ಇದು ಕನ್ನಡ ಓದುಗರಿಗೆ ಗೊತ್ತಾಗಬೇಕಿತ್ತು. ಆದ್ರೆ ಆ ವೈರಸ್ಸಿಗೂ ಕೋವಿಡ್ ವೈರಸ್ಸಿಗೂ ಸುಮಾರು 96 ಪರ್ಸೆಂಟ್ ಮಾತ್ರ ಹೋಲಿಕೆ. ಕೇಳೋಕೆ ಜಾಸ್ತಿ ಅನ್ಸುತ್ತೆ, ಆದ್ರೆ 30 ಸಾವಿರ ಅಕ್ಷರದ ಜೀನೋಮ್‌ನಲ್ಲಿ (ವೈರಸ್ಸಿನ ಪೂರ್ತಿ ಆನುವಂಶಿಕ ಬರಹ) ಉಳಿದ ವ್ಯತ್ಯಾಸವೇ ಸಾವಿರಕ್ಕೂ ಮೇಲೆ, ಅಷ್ಟು ದೂರ ಸರಿಯೋಕೆ ಪ್ರಕೃತಿಯಲ್ಲಿ ದಶಕಗಳೇ ಬೇಕು. ಇನ್ನು ಬಾವಲಿ ಕೊರೊನಾ ವೈರಸ್‌ಗಳಿಗೆ ಫ್ಯೂರಿನ್ ಸೈಟ್ (ವೈರಸ್ ಜೀವಕೋಶದೊಳಗೆ ನುಗ್ಗೋಕೆ ನೆರವಾಗೋ ಭಾಗ, ಕೋವಿಡ್ ವೈರಸ್ಸಲ್ಲೂ ಇದೆ) ಸೇರಿಸೋ ಪ್ಲಾನ್ ಇದ್ದ 2018ರ ಪ್ರಾಜೆಕ್ಟ್ ಅರ್ಜಿಗೆ ಅಮೆರಿಕ ದುಡ್ಡು ಕೊಡಲಿಲ್ಲ ನಿಜ, ಆದ್ರೆ ಅಂಥ ಅರ್ಜಿ ಇತ್ತು ಅಂತ ಲೋಕಕ್ಕೆ ತಿಳಿದಿದ್ದು 2021ರಲ್ಲಿ, ಅದೂ ಸೋರಿಕೆಯಾಗಿ. ಆ ಅರ್ಜಿ ಹಾಕಿದ್ದ ಸಂಸ್ಥೆಯ ಆಗಿನ ಮುಖ್ಯಸ್ಥ ಪೀಟರ್ ಡಸ್ಜಾಕ್ 2020ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಗೆ ಬರೆದ ಪತ್ರಕ್ಕೆ ಸಹಿ ಹಾಕಿ, ವೈರಸ್ ಸಹಜವಾಗಿ ಬಂದಿದ್ದಲ್ಲ ಅನ್ನೋ ಮಾತನ್ನೆಲ್ಲ ಷಡ್ಯಂತ್ರದ ಕಟ್ಟುಕಥೆ ಅಂತ ಖಂಡಿಸಿದ್ರು, ವುಹಾನ್ ಲ್ಯಾಬ್ ಜೊತೆ ತಮಗಿದ್ದ ನಂಟನ್ನ ಆಗ ಹೇಳಲಿಲ್ಲ. ಜನರ ನಂಬಿಕೆ ಕೆಟ್ಟಿದ್ದೇ ಇಂಥದ್ರಿಂದ.

ನನಗೆ ಮಾರ್ಕೆಟ್ ಕಡೆಯ ಸಾಕ್ಷಿನೇ ಗಟ್ಟಿ ಅನ್ಸುತ್ತೆ. 2025ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿನೂ ಹೆಚ್ಚಿನ ಸಾಕ್ಷಿ, ವೈರಸ್ ಪ್ರಾಣಿಯಿಂದ ಬಂದಿದೆ ಅನ್ನೋ ಕಡೆಗಿದೆ, ಆದ್ರೆ ಲ್ಯಾಬ್ ಸಾಧ್ಯತೆನ ತಳ್ಳಿಹಾಕೋಕಾಗಲ್ಲ ಅಂತು. ಶುರುವಿನ ರೋಗಿಗಳ ನೂರಾರು ವೈರಸ್ ಸೀಕ್ವೆನ್ಸ್ (ಜೀನೋಮ್ ಓದಿದ ದಾಖಲೆ), ಮಾರ್ಕೆಟ್‌ಗೆ ಬರ್ತಿದ್ದ ಪ್ರಾಣಿಗಳ ವಿವರ, ಲ್ಯಾಬ್‌ನ ಸುರಕ್ಷತೆಯ ಮಾಹಿತಿ ಇದೆಲ್ಲ ಕೇಳಿದ್ರೂ ಚೀನಾ ಕೊಟ್ಟಿಲ್ಲ ಅಂತಲೂ ಬರೆದಿದೆ. ನನ್ನ ಪ್ರಕಾರ ಹೆಡ್ಡಿಂಗ್ ಆಗಬೇಕಿದ್ದಿದ್ದು ಇದು.

ದೇಶದ ಮೊದಲ ಕೋವಿಡ್ ಸಾವು ಆಗಿದ್ದು ನಮ್ಮ ಕಲಬುರಗಿಯಲ್ಲಿ. ಈ ವೈರಸ್ ಎಲ್ಲಿಂದ ಬಂತು ಅಂತ ಕೇಳೋ ಹಕ್ಕು ನಮಗೂ ಇದೆ. 2020ರ ಮೇನಲ್ಲಿ ವಿಶ್ವ ಆರೋಗ್ಯ ಸಭೆ ವೈರಸ್ಸಿನ ಪ್ರಾಣಿ ಮೂಲ ಹುಡುಕಿ ಅಂತ ನಿರ್ಣಯ ಮಾಡಿದಾಗ ಭಾರತನೂ ಅದರ ಬೆಂಬಲಕ್ಕಿತ್ತು. ಆಮೇಲೆ ಚೀನಾದಿಂದ ಆ ಮಾಹಿತಿ ತರಿಸೋಕೆ ನಾವು ಏನೇನು ಮಾಡಿದ್ವಿ ಅಂತ ನಿಮ್ಮ ದಿಲ್ಲಿ ವರದಿಗಾರರು ಆರೋಗ್ಯ ಸಚಿವಾಲಯನ ಒಂದು ಸಲ ಕೇಳಿ, ಬಂದ ಉತ್ತರನ ಹಾಗೇ ಪ್ರಿಂಟ್ ಮಾಡಿ.

ಇಂತಿ,
ನಿಮ್ಮ ಓದುಗ, ಕಲಬುರಗಿ