ಅಗಸ್ತ್ಯನ ಮಗ್ಗುಲಿನ ಅನಿಲದ ಎಳೆ: ನೆರವಾದವರಿಗೆ ಶರಣು

ಏಬೆಲ್ 3391 ಮತ್ತು 3395 ಗೆಲಾಕ್ಸಿ ಗುಚ್ಛಗಳ ಕ್ಷ-ಕಿರಣ ನಕ್ಷೆಯನ್ನು ಕಲಬುರಗಿಯ ನಮ್ಮ ಅಭ್ಯಾಸ ಬಳಗ ಈ ವಾರ ಪೂರ್ತಿ ಮಾಡಿತು. ಕೈಹಿಡಿದವರೆಲ್ಲರಿಗೂ ಶರಣು ಶರಣಾರ್ಥಿ.

ಮೊದಲ ನಮನ ಇರೋಸಿಟಾ ಎಂಬ ಬಾಹ್ಯಾಕಾಶದ ಕ್ಷ-ಕಿರಣ ಉಪಕರಣ ಕಟ್ಟಿದ ಜರ್ಮನಿಯ ಗಾರ್ಚಿಂಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡಕ್ಕೆ. 2019ರ ಜುಲೈ 13ರಂದು ಹಾರಿದ ಉಪಕರಣದ ಆರಂಭಿಕ ದತ್ತಾಂಶವನ್ನು 2021ರಲ್ಲೇ, ಅದನ್ನು ಸಂಸ್ಕರಿಸುವ ಇಸಾಸ್ ತಂತ್ರಾಂಶದ ಸಮೇತ, ಎಲ್ಲರಿಗೂ ಕೊಟ್ಟುಬಿಟ್ಟರು. ಈ ಗುಚ್ಛಗಳ ಆಚೀಚೆ ಸುಮಾರು 5 ಕೋಟಿ ಜ್ಯೋತಿರ್ವರ್ಷ ಚಾಚಿದ ಅನಿಲದ ಎಳೆ ಮೊದಲು ಕಂಡದ್ದು ಅದೇ ದತ್ತಾಂಶದಲ್ಲಿ. ಕ್ಷ-ಕಿರಣದ ಹೊಳಪು ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ: ಅನಿಲದ ಸಾಂದ್ರತೆ ಹತ್ತರಲ್ಲೊಂದು ಪಾಲಿಗೆ ಇಳಿದರೆ ಹೊಳಪು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಎಳೆಯನ್ನು ಹಿಡಿಯುವುದು ಕಷ್ಟವಾಗುವುದು ಇದರಿಂದಲೇ.

ಹಿನ್ನೆಲೆಯನ್ನು, ಅಂದರೆ ಗುಚ್ಛದಿಂದ ಬಾರದ ಎಣಿಕೆಯನ್ನು, ಕಳೆಯುವುದನ್ನು ಕಲಿಸಿದ ಹಿರಿಯರ ಋಣ ಎಲ್ಲಕ್ಕಿಂತ ದೊಡ್ಡದು. ಉಪಕರಣಕ್ಕೆ ಬಿದ್ದ ಒಂದೊಂದೇ ಕಿರಣದ ದಾಖಲೆಯಾದ ಇವೆಂಟ್ ಕಡತದಿಂದ ಇಸಾಸ್‌ನ ಇವಿಟೂಲ್‌ನಲ್ಲಿ ಚಿತ್ರ ತೆಗೆಯುವುದು (ಪಿಕ್ಸೆಲ್ ಒಗ್ಗೂಡಿಸುವ ಸಂಖ್ಯೆ ರೀಬಿನ್‌ಗೆ 80 ಕೊಟ್ಟರೆ ಪಿಕ್ಸೆಲ್‌ಗೆ 4 ಆರ್ಕ್‌ಸೆಕೆಂಡ್), ಎಕ್ಸ್‌ಪ್‌ಮ್ಯಾಪ್‌ನಲ್ಲಿ ಎಕ್ಸ್‌ಪೋಶರ್ ನಕ್ಷೆ (ಯಾವ ಜಾಗವನ್ನು ಎಷ್ಟು ಹೊತ್ತು ನೋಡಿದ್ದೆಂಬ ಲೆಕ್ಕ) ಮಾಡಿ ಅದರಿಂದ ಚಿತ್ರವನ್ನು ಭಾಗಿಸುವುದು ಯಾರಿಗಾದರೂ ಬರುತ್ತದೆ. ತಪ್ಪು ನುಸುಳುವುದು ಆ ಭಾಗಾಕಾರದಲ್ಲೇ. ಆಕಾಶದ ಕಿರಣಗಳನ್ನು ಕನ್ನಡಿಗಳು ಅಂಚಿನಲ್ಲಿ ಕಡಿಮೆ ಹಿಡಿಯುತ್ತವೆ; ಎಕ್ಸ್‌ಪೋಶರ್ ನಕ್ಷೆ ಆ ಕೊರತೆಯನ್ನು ತುಂಬುತ್ತದೆ. ಉಪಕರಣಕ್ಕೇ ಬಡಿಯುವ ಕಾಸ್ಮಿಕ್ ಕಣಗಳಿಗೆ ಕನ್ನಡಿಯ ಹಂಗಿಲ್ಲ, ಕಿರಣ ಹಿಡಿಯುವ ಚಿಪ್ಪಾದ ಸಿಸಿಡಿಯ ತುಂಬ ಹೆಚ್ಚುಕಡಿಮೆ ಒಂದೇ ಸಮ ಬೀಳುತ್ತವೆ. ಅವನ್ನು ಮೊದಲು ಕಳೆಯದೆ ಭಾಗಿಸಿದರೆ ಅಂಚಿನಲ್ಲಿ ಇಲ್ಲದ ಬೆಳಕು ಉಬ್ಬಿ ಥೇಟ್ ಎಳೆಯಂತೆಯೇ ಕಾಣುತ್ತದೆ. ಫಿಲ್ಟರ್ ಚಕ್ರ ಮುಚ್ಚಿ ಆಕಾಶದ ಕಿರಣ ತಡೆದಾಗಿನ, ಬರೀ ಕಣಗಳ ದತ್ತಾಂಶ ತೆಗೆದುಕೊಂಡು, ಕನ್ನಡಿಗಳು ಹೆಚ್ಚೇನೂ ಹಿಡಿಯದ 6ರಿಂದ 9 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಪಟ್ಟಿಯಲ್ಲಿ ಅಳತೆ ಹೊಂದಿಸಿ, ಆಮೇಲೆ ಕಳೆಯಬೇಕು. ಇದನ್ನು ಬೇಸರಿಸದೆ ಮತ್ತೆ ಮತ್ತೆ ಹೇಳಿಕೊಟ್ಟಿರಿ, ಸರ್.

ಬೆಳಕು ಸೋರುವುದನ್ನು ಎಚ್ಚರಿಸಿದ ಅಕ್ಕನಿಗೂ ಧನ್ಯವಾದ. ಇರೋಸಿಟಾದ ಏಳು ದೂರದರ್ಶಕಗಳಲ್ಲಿ 5 ಮತ್ತು 7ನೆಯದರ ಸಿಸಿಡಿಗೆ ಬೆಳಕು ತಡೆಯುವ ಅಲ್ಯೂಮಿನಿಯಂ ಲೇಪವಿಲ್ಲ. ಸೂರ್ಯನ ಬೆಳಕು ನುಸುಳಿ ಕಡಿಮೆ ಶಕ್ತಿಯ ಸುಳ್ಳು ಎಣಿಕೆ ಹುಟ್ಟುತ್ತದೆ. ಹಾಗಾಗಿ ಅವೆರಡರಲ್ಲಿ 1 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕೆಳಗಿನದನ್ನು ಬಿಟ್ಟೆವು, ಉಳಿದ ಐದರಲ್ಲಿ 0.3ರಿಂದ ತೆಗೆದುಕೊಂಡೆವು. ಚುಕ್ಕಿಯಂತೆ ಕಾಣುವ ಮೂಲಗಳನ್ನು, ಚಿತ್ರ ನಯಗೊಳಿಸುವ ಮೊದಲೇ ಮುಚ್ಚಬೇಕೆಂದವರೂ ಇವರೇ. ತಡವಾದರೆ ಕ್ವೇಸಾರ್‌ಗಳ (ದೂರದ ಗೆಲಾಕ್ಸಿಗಳ ಉಜ್ವಲ ನಡುಭಾಗಗಳ) ಬೆಳಕು ಹರಡಿ ಗುಚ್ಛದ ನಡುವೆ ಸುಳ್ಳು ಸೇತುವೆ ಕಟ್ಟುತ್ತದೆ.

ಕರೆಂಟ್ ಹೋದಾಗಲೆಲ್ಲ ಇನ್ವರ್ಟರ್‌ನ ತಂತಿ ಎಳೆದುಕೊಟ್ಟ ಪಕ್ಕದ ಮನೆಯ ಕಾಕಾ, ನಿಮಗೂ ಶರಣು.

ಮುಂದಿನ ಕೆಲಸ 2024ರ ಜನವರಿ 31ರಂದು ಹೊರಬಂದ ಇರೋಸಿಟಾದ ಮೊದಲ ಆಕಾಶ ಸರ್ವೇಕ್ಷಣೆಯದು. ಅದರ ಪಟ್ಟಿಯಲ್ಲಿ 12,247 ಗುಚ್ಛಗಳಿವೆ.

ನೆರವಾದವರೆಲ್ಲ ಫೆಬ್ರುವರಿ ನಡುವೆ ರಾತ್ರಿ ಒಂಬತ್ತರ ಸುಮಾರಿಗೆ ಮಾಳಿಗೆ ಹತ್ತಿ ದಕ್ಷಿಣಕ್ಕೆ ನೋಡಿರಿ. ದಿಗಂತದಿಂದ 20 ಡಿಗ್ರಿ ಮೇಲೆ ಅಗಸ್ತ್ಯ ನಕ್ಷತ್ರ ಹೊಳೆಯುತ್ತಿರುತ್ತದೆ. ಅದರ ಕೆಳಗೆ ಒಂದು ಡಿಗ್ರಿಯಷ್ಟು ದೂರದಲ್ಲೇ, ಕಣ್ಣಿಗೆ ಕಾಣದ ಏಬೆಲ್ 3391 ಇದೆ.